ತಣ್ಣೀರಿನ ಪೈಪ್ ಯಾಕೆ ಬೆಚ್ಚಗಿತ್ತು?

ಡಿಸೆಂಬರ್ ಮೊದಲ ಭಾನುವಾರ. ಬೆಳಗ್ಗೆ ಆರೂವರೆಗೆ ಅಮ್ಮ ಬಚ್ಚಲಿನಿಂದ ಕೂಗಿದರು. "ನೀರು ಕಾದೇ ಇಲ್ಲ ಕಣೇ."

ಹೋಗಿ ನಲ್ಲಿಗೆ ಕೈಯೊಡ್ಡಿದೆ. ಎರಡು ಬಕೆಟ್ ಬಿಟ್ಟು ನೋಡಿದರೂ ಉಗುರುಬೆಚ್ಚಗೂ ಬರಲಿಲ್ಲ. ಅಮ್ಮನಿಗೆ 78 ವರ್ಷ. ಎರಡೂ ಮಂಡಿಯಲ್ಲಿ ನೋವು. ಚಿಕ್ಕಮಗಳೂರಿನ ಚಳಿಗಾಲದಲ್ಲಿ ಬೆಳಗಿನ ಬಿಸಿನೀರು ಅವರಿಗೆ ಮಾತ್ರೆಗಿಂತ ಹೆಚ್ಚು. ಕಾಲಿಗೆ ನಾಲ್ಕು ಚೊಂಬು ಬಿಸಿನೀರು ಬಿದ್ದ ಮೇಲೇ ಅವರು ಸಲೀಸಾಗಿ ನಡೆಯುವುದು. ಅವತ್ತು ಗ್ಯಾಸ್ ಮೇಲೆ ದೊಡ್ಡ ಪಾತ್ರೆ ಇಟ್ಟು ಕಾಯಿಸಿ ಕೊಟ್ಟೆ. ಆ ಪಾತ್ರೆಯನ್ನು ಅಡುಗೆಮನೆಯಿಂದ ಬಚ್ಚಲಿಗೆ ಎತ್ತಿಕೊಂಡು ಹೋಗುವಾಗ ಅಮ್ಮ ಗೋಡೆ ಹಿಡಿದು ನಿಂತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ನಮ್ಮದು ತಾರಸಿ ಮೇಲಿನ ಸೋಲಾರ್ ಹೀಟರ್. 200 ಲೀಟರ್ ಟ್ಯಾಂಕ್, 20 ಗಾಜಿನ ಟ್ಯೂಬು, ಒಂಬತ್ತು ವರ್ಷ ಹಳೆಯದು. ಹಿಂದಿನ ದಿನ ಒಂದು ಚೂರೂ ಮೋಡ ಇರಲಿಲ್ಲ. ತಾರಸಿಯಿಂದ ಮುಳ್ಳಯ್ಯನಗಿರಿ ಕೈಗೆ ಸಿಗುವ ಹಾಗೆ ಕಾಣುತ್ತಿತ್ತು. ಅಂಥ ದಿನ ಸಂಜೆ ನೀರು ಕೈ ಇಡಲಾಗದಷ್ಟು ಸುಡಬೇಕು, ಅಲ್ವಾ? ರಾತ್ರಿ ಕಳೆಯುವುದರೊಳಗೆ ಆ ಬಿಸಿ ಎಲ್ಲಿ ಹೋಯಿತು?

ಸೋಮವಾರ ಬೆಳಗ್ಗೆಯೂ ಅದೇ ಕಥೆ. ಸೋಲಾರ್ ರಿಪೇರಿಯವರೊಬ್ಬರನ್ನು ಕರೆಸಿದೆ. ಅವರು ತಾರಸಿಗೆ ಹೋಗಿ ಟ್ಯಾಂಕಿಗೆ ಬೆರಳಲ್ಲಿ ತಟ್ಟಿದರು. ನೀರು ಬಿಟ್ಟು ಕೈಯಿಟ್ಟು ನೋಡಿದರು. "ಮೇಡಂ, ಟ್ಯಾಂಕ್ ಹೋಗಿದೆ. ಒಳಗಿನ ಫೋಮ್ ನೀರು ಕುಡಿದಿದೆ, ಬಿಸಿ ನಿಲ್ತಿಲ್ಲ" ಅಂದರು. ಬರೀ ಟ್ಯಾಂಕ್ ಬದಲಿಸಿದರೆ 32,000. ಹಳೆಯದನ್ನು ಕೊಟ್ಟು ಇಡೀ ಸಿಸ್ಟಮ್ ಹೊಸದು ಹಾಕಿಸಿದರೆ 54,000. ಒಂಬತ್ತು ವರ್ಷ ಆಗಿದೆ, ಇನ್ನು ಎಷ್ಟು ದಿನ ಅಂತ ಎಳೀತೀರಿ ಅಂತಲೂ ಕೇಳಿದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಗುರುವಾರ ಇನ್ನೊಬ್ಬರು ಬಂದರು. ಅವತ್ತು ನೀರು ಚೆನ್ನಾಗಿಯೇ ಕಾದಿತ್ತು. ಆದರೂ ಅವರ ಪ್ರಕಾರ ಟ್ಯೂಬಿನ ಒಳಗೆಲ್ಲ ಬೋರ್ ನೀರಿನ ಸುಣ್ಣ ಕಟ್ಟಿದೆ. ಆಸಿಡ್ ಹಾಕಿ ತೊಳೆಯಬೇಕು, ಐದಾರು ಟ್ಯೂಬ್ ಬದಲಿಸಬೇಕು. ಎಲ್ಲ ಸೇರಿ 9,500. ಯಾವ ಆಸಿಡ್ ಅಂತ ಕೇಳಿದೆ. ಬಾತ್‌ರೂಮ್ ಟೈಲ್ಸ್ ತೊಳೆಯುವುದೇ ಅಂದರು. ಅದು ಹೈಡ್ರೋಕ್ಲೋರಿಕ್ ಆಸಿಡ್. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ಅದನ್ನು ಸುರಿದರೆ ಸುಣ್ಣದ ಜೊತೆಗೆ ಸ್ಟೀಲನ್ನೂ ತಿನ್ನುತ್ತದೆ. ಆಮೇಲೆ ಟ್ಯಾಂಕ್ ನಿಜವಾಗಿಯೂ ಹೋಗುತ್ತದೆ. ನಾನು ಬೇಡ ಅಂದೆ.

ಮೂರನೆಯ ಸಲಹೆ ನೆಂಟರಿಂದ ಬಂತು. ಸೋಲಾರ್ ತೆಗೆದುಹಾಕಿ, ಬಚ್ಚಲಿಗೊಂದು ಗೀಸರ್ ಹಾಕಿಸಿ, ತಲೆನೋವೇ ಇರಲ್ಲ. ಇದರ ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟಿನಲ್ಲಿ ಇರುವುದು 860 ಕಿಲೋ ಕ್ಯಾಲರಿ. 200 ಲೀಟರ್ ನೀರು 20 ಡಿಗ್ರಿಯಿಂದ 55 ಡಿಗ್ರಿಗೆ ಏರಬೇಕಾದರೆ 7,000 ಕಿಲೋ ಕ್ಯಾಲರಿ. ಅಂದರೆ ಎಂಟು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಬಿಸಿಲಿರುವ ದಿನವೆಲ್ಲ ಅಷ್ಟನ್ನು ಸೂರ್ಯ ನಮಗೆ ಸುಮ್ಮನೆ ಕೊಡುತ್ತಿದ್ದಾನೆ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹೇಗೂ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ಹಾಕಲೇಬೇಕು. ಉಳಿದ ತಿಂಗಳಾದರೂ ಬಿಸಿಲಿನ ನೀರು ಬೇಡವೇ?

ಮುಂದಿನ ವಾರಾಂತ್ಯ ಏನೂ ತೊಂದರೆ ಆಗಲಿಲ್ಲ. ತಾನಾಗೇ ಸರಿಹೋಯಿತು ಅಂದುಕೊಂಡೆ. ಅದರ ಮುಂದಿನ ಭಾನುವಾರ ಮತ್ತೆ ತಣ್ಣೀರು. ಆಗ ಅಮ್ಮ ಕಾಫಿ ಕುಡಿಯುತ್ತ ಒಂದು ಮಾತು ಹೇಳಿದರು. "ಮಗು ಹಾಸನದಿಂದ ಬಂದ ದಿನವೇ ಹೀಗಾಗೋದು ಕಣೇ. ರಾತ್ರಿಯೆಲ್ಲ ಮೇಲೆ ಏನೋ ಗುಂಯ್ ಅಂತಿರುತ್ತೆ."

ಮಗಳು ಹಾಸನದಲ್ಲಿ ಓದುತ್ತಾಳೆ. ಬಂದ ವಾರ ಶನಿವಾರ ಸಂಜೆ ಬರುತ್ತಾಳೆ, ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಅವಳೊಬ್ಬಳು ಸ್ನಾನ ಮಾಡಿದರೆ 200 ಲೀಟರ್ ಖಾಲಿಯಾಗಲ್ಲ. ಗುಂಯ್ ಅನ್ನುವುದು ಪಕ್ಕದ ಮನೆಯ ಮೋಟಾರ್ ಇರಬೇಕು. ಹೀಗೆ ನಾನೇ ಉತ್ತರ ಕೊಟ್ಟುಕೊಂಡು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು. ನಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮಲಗಿರುವವರು ಅಮ್ಮ ಒಬ್ಬರೇ.

ಆ ವಾರ ಇಂಗ್ಲೆಂಡಿನಲ್ಲಿರುವ ತಮ್ಮ ಫೋನ್ ಮಾಡಿದ್ದ. ಅಲ್ಲಿನ ಮನೆ ಬಿಸಿ ಮಾಡುವ ಪದ್ಧತಿಯೇ ಬೇರೆ. ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ. ಪಂಪ್ ಅದನ್ನು ಕೋಣೆ ಕೋಣೆಯ ಗೋಡೆಗೆ ಹಾಕಿದ ರೇಡಿಯೇಟರ್‌ಗಳಲ್ಲಿ ಸುತ್ತಿಸಿ ವಾಪಸ್ ತರುತ್ತದೆ. ಒಂದು ಹಿಮದ ವಾರ ಅವನ ಬಾಯ್ಲರ್ ನಿಂತುಹೋಗಿತ್ತಂತೆ. ನೋಡಲು ಬಂದವರು ಬಾಯ್ಲರನ್ನೇ ಬದಲಿಸಿ ಅಂದರಂತೆ. ಕೊನೆಗೆ ನೋಡಿದರೆ, ಬಾಯ್ಲರಿನಲ್ಲಿ ಕೂಡುವ ನೀರನ್ನು ಹೊರಗೆ ಬಿಡುವ ಸಣ್ಣ ಪ್ಲಾಸ್ಟಿಕ್ ಪೈಪ್ ಹೊರಗೋಡೆಯ ಮೇಲೆ ಮಂಜುಗಟ್ಟಿತ್ತು. ಅದಕ್ಕೆ ಬೆಚ್ಚಗಿನ ನೀರು ಸುರಿದು ಬಾಯ್ಲರ್ ಮತ್ತೆ ಚಾಲೂ ಮಾಡಿದ. ಅಷ್ಟೇ. ಬಾಯ್ಲರಿನ ಮುಚ್ಚಳ ಮಾತ್ರ ಅವನು ಬಿಚ್ಚಲಿಲ್ಲ. ಅಲ್ಲಿ ಗ್ಯಾಸ್ ಕೆಲಸಕ್ಕೆ ನೋಂದಣಿ ಆದವರೇ ಬರಬೇಕು.

"ಅಕ್ಕ, ಮೊದಲು ಕೈಯಿಟ್ಟು ನೋಡು" ಅಂದ. ರೇಡಿಯೇಟರ್ ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ ಅಂತ. ಮೇಲೆ ಬಿಸಿ, ಕೆಳಗೆ ತಣ್ಣಗೆ ಇದ್ದರೆ ತುಕ್ಕಿನ ಕಪ್ಪು ಕೆಸರು ಕೂತಿದೆ ಅಂತ. ಮೊದಲನೆಯದಕ್ಕೆ ಒಂದು ಸಣ್ಣ ಕೀಲಿ ತಿರುಗಿಸಿ ಗಾಳಿ ಬಿಟ್ಟರೆ ಸಾಕು. ಎರಡನೆಯದಕ್ಕೆ ದುಡ್ಡು ಖರ್ಚಾಗುತ್ತದೆ. ಬಿಸಿ ಹೋದ ದಾರಿಯಲ್ಲಿ ಗುರುತು ಬಿಟ್ಟೇ ಹೋಗಿರುತ್ತದೆ, ಬಾಯ್ಲರಿನಿಂದ ಶುರುಮಾಡಿ ಪೈಪ್ ಹಿಡಿದುಕೊಂಡು ಹೋಗು ಅನ್ನುವುದು ಅವನ ಮಾತು.

ನಾನೂ ಹಾಗೇ ಶುರುಮಾಡಿದೆ. ಮೊದಲು ಟ್ಯೂಬುಗಳು. ಈ ಟ್ಯೂಬ್ ಅಂದರೆ ಒಂದರೊಳಗೊಂದು ಇಟ್ಟ ಎರಡು ಗಾಜಿನ ಕೊಳವೆ. ನಡುವೆ ಗಾಳಿ ಇಲ್ಲ. ಗಾಳಿ ಇಲ್ಲದ್ದರಿಂದ ಒಳಗಿನ ಬಿಸಿ ಹೊರಗೆ ಬರಲ್ಲ, ಫ್ಲಾಸ್ಕಿನ ಹಾಗೆ. ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪ ಇರುತ್ತದೆ. ಟ್ಯೂಬಿನೊಳಗೆ ಗಾಳಿ ನುಗ್ಗಿದರೆ ಆ ಹೊಳಪು ಹೋಗಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಇಷ್ಟು ಗೊತ್ತಿದ್ದರೆ ಟ್ಯೂಬ್ ನೋಡಲು ಯಾರೂ ಬೇಕಿಲ್ಲ. ತಾರಸಿ ಮೇಲೆ ಕುಕ್ಕರುಗಾಲಲ್ಲಿ ಕೂತು 20 ತುದಿಗಳನ್ನೂ ನೋಡಿದೆ. 19 ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಎಡದಿಂದ ಏಳನೆಯದು ಮಾತ್ರ ಬೆಳ್ಳಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಅದರ ಹೊರಗಾಜು ಮುಟ್ಟಿದರೆ ಬೆಚ್ಚಗಿತ್ತು, ಪಕ್ಕದ್ದು ತಣ್ಣಗಿತ್ತು. ಒಳ್ಳೆಯ ಟ್ಯೂಬ್ ಹೊರಗೆ ತಣ್ಣಗಿರಬೇಕು. ಸರಿ, ಒಂದು ಹೋಗಿದೆ. 20ರಲ್ಲಿ ಒಂದು ಹೋದರೆ ನೀರು ಸ್ವಲ್ಪ ಕಡಿಮೆ ಕಾಯಬಹುದು, ತಣ್ಣಗಂತೂ ಆಗಲ್ಲ. ಐದಾರು ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಟ್ಯಾಂಕ್. ಬಿಸಿಲಿನಲ್ಲಿ ನೀರು ಕಾಯಿಸುವ ಯೋಚನೆ ಹಳೆಯದೇ. ಅಮೆರಿಕದಲ್ಲಿ 1891ರಲ್ಲೇ ಇಂಥ ಹೀಟರಿಗೆ ಪೇಟೆಂಟ್ ಸಿಕ್ಕಿತ್ತು. ಆದರೆ ಅದರಲ್ಲಿ ನೀರಿನ ಡಬ್ಬಿಯೇ ಬಿಸಿಲಿಗೆ ಮೈಯೊಡ್ಡಿಕೊಂಡು ಕೂತಿರುತ್ತಿತ್ತು, ಹಾಗಾಗಿ ರಾತ್ರಿ ತಣ್ಣಗಾಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಕಾಯಿಸುವ ಭಾಗವನ್ನೂ ತುಂಬಿಡುವ ಟ್ಯಾಂಕನ್ನೂ ಬೇರೆ ಬೇರೆ ಮಾಡಿದ. ಟ್ಯಾಂಕಿಗೆ ಬಿಸಿ ಹೋಗದ ಹಾಗೆ ಹೊದಿಕೆ ಹಾಕಿ ಮೇಲಿಟ್ಟ. ಕಾದ ನೀರು ಹಗುರ, ತಾನೇ ಮೇಲೆ ಹತ್ತುತ್ತದೆ. ತಣ್ಣೀರು ತಾನೇ ಕೆಳಗಿಳಿಯುತ್ತದೆ. ಪಂಪ್ ಬೇಕಿಲ್ಲ. ನಮ್ಮ ತಾರಸಿಯ ಮೇಲೂ ನಡೆಯುವುದು ಇದೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ. ಸಂಜೆಯ ಬಿಸಿಯನ್ನು ನಮ್ಮ ಟ್ಯಾಂಕ್ ಬೆಳಗಿನವರೆಗೆ ಹಿಡಿದಿಟ್ಟುಕೊಳ್ಳುತ್ತದೋ ಇಲ್ಲವೋ?

ಮಗಳು ಕೇಕ್ ಮಾಡಲು ತಂದಿದ್ದ ಥರ್ಮಾಮೀಟರ್ ಇತ್ತು. ಬುಧವಾರ ಸಂಜೆ ಐದೂವರೆಗೆ ಬಿಸಿನೀರು ಹಿಡಿದು ನೋಡಿದೆ, 57 ಡಿಗ್ರಿ. ಟ್ಯಾಂಕಿನಿಂದ ಮನೆಗೆ ಇಳಿಯುವ ಬಿಸಿನೀರಿನ ಗೇಟ್ ವಾಲ್ವ್ ಮುಚ್ಚಿದೆ. ಗುರುವಾರ ಬೆಳಗ್ಗೆ ಆರಕ್ಕೆ ತೆರೆದು ಮತ್ತೆ ಹಿಡಿದೆ. 52. ಅಷ್ಟು ಚಳಿಯ ರಾತ್ರಿಯಲ್ಲಿ ಐದೇ ಡಿಗ್ರಿ ಇಳಿದಿತ್ತು. ಫೋಮ್ ಒದ್ದೆಯಾದ ಟ್ಯಾಂಕ್ ಹೀಗಿರಲ್ಲ. ತೂತು ಬಿದ್ದಿದ್ದರೆ ಹೊರಗಿನ ತಗಡಿನ ಜೋಡಣೆಯಲ್ಲಿ ನೀರು ಜಿನುಗಬೇಕಿತ್ತು. ಕೆಳಗೆ ಕೈಯಾಡಿಸಿದರೆ ಒಣಗಿದ ಧೂಳು. ಗ್ಯಾಸ್ ಸಿಲಿಂಡರ್ ಬಂದ ತಾರೀಕು ಬರೆಯುವ ಕ್ಯಾಲೆಂಡರಿನಲ್ಲೇ ಈ ಎರಡು ಅಂಕಿ ಬರೆದಿಟ್ಟೆ. 32,000 ರೂಪಾಯಿ ಉಳಿಸಿದ ಅಂಕಿಗಳು ಅವು.

ಆದರೂ ಕಾರಣ ಸಿಕ್ಕಿರಲಿಲ್ಲ. ಅಮ್ಮನ ಮಾತು ಆಗ ನೆನಪಾಯಿತು. ಶನಿವಾರಕ್ಕೆ ಕಾದೆ.

ಮಗಳು ಬಂದಳು. ಸ್ನಾನ ಮಾಡಿ, ಉಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದಳು. ಹನ್ನೊಂದು ಗಂಟೆಗೆ ನಾನು ಟಾರ್ಚ್ ಹಿಡಿದು ತಾರಸಿ ಹತ್ತಿದೆ. ಮೈಯೆಲ್ಲ ಕೊರೆಯುವ ಗಾಳಿ. ಮೆಟ್ಟಿಲ ತುದಿಯಲ್ಲೇ ಆ ಶಬ್ದ ಕೇಳಿಸಿತು. ಅಕ್ಟೋಬರಿನಲ್ಲಿ ಮಹಡಿಯ ಹೊಸ ಬಾತ್‌ರೂಮಿಗೆ ಅಂತ ಹಾಕಿಸಿದ ಪ್ರೆಷರ್ ಪಂಪ್ ಓಡುತ್ತಿತ್ತು. ಮನೆಯಲ್ಲಿ ಯಾರೂ ನಲ್ಲಿ ಬಿಟ್ಟಿರಲಿಲ್ಲ. ನಲ್ಲಿ ಬಿಟ್ಟಾಗ ಮಾತ್ರ ಓಡಬೇಕಾದ ಪಂಪ್ ಅದು. ನೀರು ಎಲ್ಲೋ ಹೋಗುತ್ತಿದೆ.

ಪೈಪುಗಳನ್ನು ಒಂದೊಂದೇ ಮುಟ್ಟುತ್ತ ಹೋದೆ. ಗಾಳಿ ಹೋಗುವ ಪೈಪ್ ಒಣಗಿತ್ತು. ಮನೆಗೆ ಇಳಿಯುವ ಬಿಸಿನೀರಿನ ಪೈಪ್ ಮಂಜಿನ ಹಾಗೆ ತಣ್ಣಗಿತ್ತು. ಆಮೇಲೆ ಓವರ್‌ಹೆಡ್ ಟ್ಯಾಂಕಿನಿಂದ ಸೋಲಾರಿಗೆ ತಣ್ಣೀರು ತರುವ ಪೈಪಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು! ಮಗುವಿನ ಹಣೆ ಮುಟ್ಟಿದಷ್ಟು ಬೆಚ್ಚಗೆ. ಸೋಲಾರ್ ಕಡೆಯ ತುದಿಯಿಂದ ಓವರ್‌ಹೆಡ್ ಟ್ಯಾಂಕಿನವರೆಗೂ ಬೆಚ್ಚಗಿತ್ತು. ಆ ಟ್ಯಾಂಕಿನ ಮುಚ್ಚಳ ಎತ್ತಿ, ಪೈಪ್ ಬಂದು ಸೇರುವ ಕಡೆ ಕೈ ಇಳಿಸಿದೆ. ಡಿಸೆಂಬರ್ ರಾತ್ರಿ, ತೆರೆದ ತಾರಸಿ, 1,000 ಲೀಟರ್ ಟ್ಯಾಂಕು. ಆ ಮೂಲೆಯ ನೀರು ಉಗುರುಬೆಚ್ಚಗಿತ್ತು. ದಿನವಿಡೀ ಕಾದ ನೀರು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು.

ಭಾನುವಾರ ಬೆಳಗ್ಗೆ ನಮ್ಮ ಹಳೆಯ ಪ್ಲಂಬರಿಗೆ ಫೋನ್ ಮಾಡಿ, ಕಂಡದ್ದನ್ನೆಲ್ಲ ಹೇಳಿದೆ. ಸೋಲಾರ್ ಅವರ ಕೆಲಸವಲ್ಲ. ಪೈಪ್ ಅವರ ಕೆಲಸ. ಬಂದವರು ಸೋಲಾರ್ ಕಡೆ ನೋಡಲೂ ಇಲ್ಲ, ಅದಕ್ಕೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿದರು. "ಅಕ್ಕಾ, ಈಗ ಅಡುಗೆಮನೆಯ ಬಿಸಿನೀರಿನ ನಲ್ಲಿ ಬಿಡಿ." ಬಿಟ್ಟೆ. ತಣ್ಣೀರು ಒಳಗೆ ಹೋಗದಿದ್ದರೆ ಬಿಸಿನೀರು ಹೊರಗೆ ಬರಬಾರದು. ಸ್ವಲ್ಪ ಹೊತ್ತು ಬಂದು ನಿಲ್ಲಬೇಕು. ನಿಲ್ಲಲಿಲ್ಲ. ಜೋರಾಗಿ, ತಣ್ಣಗೆ ಬರುತ್ತಲೇ ಇತ್ತು. "ಎಲ್ಲೋ ಬಿಸಿ ಲೈನಿಗೆ ತಣ್ಣೀರು ನುಗ್ತಿದೆ" ಅಂದರು. ನೇರ ಮಹಡಿಯ ಬಾತ್‌ರೂಮಿಗೆ ಹೋದರು.

ಅಲ್ಲಿರುವುದು ಬಿಸಿನೀರು, ತಣ್ಣೀರು ಬೆರೆಸುವ ಹೊಸ ಮಿಕ್ಸರ್ ಟ್ಯಾಪ್. ಬಿಸಿಗೊಂದು ತಿರುಪು, ತಣ್ಣಗಿನದಕ್ಕೊಂದು ತಿರುಪು, ಕೈಯಲ್ಲಿ ಹಿಡಿಯುವ ಶವರ್. ಶವರಿನ ಹಿಡಿಯಲ್ಲೇ ನೀರು ನಿಲ್ಲಿಸುವ ಒಂದು ಗುಂಡಿ ಇದೆ. ಮಗಳು ಸ್ನಾನ ಮುಗಿಸಿ ಆ ಗುಂಡಿ ಒತ್ತುತ್ತಾಳೆ. ನೀರು ನಿಲ್ಲುತ್ತದೆ. ಗೋಡೆಯ ಮೇಲಿನ ಎರಡೂ ತಿರುಪು ತೆರೆದೇ ಇರುತ್ತವೆ. ಅವಳದೇನೂ ತಪ್ಪಿಲ್ಲ. ಗುಂಡಿ ಇರುವುದೇ ಒತ್ತಲಿಕ್ಕೆ. ಆದರೆ ತಣ್ಣೀರಿಗೆ ಪಂಪ್ ಇದೆ, ಬಿಸಿನೀರು ತಾರಸಿಯಿಂದ ತನ್ನ ಭಾರಕ್ಕೆ ಇಳಿಯುತ್ತದೆ ಅಷ್ಟೇ. ಹೊರಗೆ ಹೋಗುವ ದಾರಿ ಮುಚ್ಚಿದೆ, ಒಳಗೆ ಎರಡೂ ಸೇರಿವೆ. ಒತ್ತಡ ಜಾಸ್ತಿ ಇರುವ ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ಹತ್ತಿತು. ಸೋಲಾರ್ ಟ್ಯಾಂಕಿಗೆ ಮೇಲಿನಿಂದ ತಣ್ಣೀರು ತುಂಬಿ, ಬಿಸಿನೀರನ್ನು ಕೆಳಗಿನ ಪೈಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ತಳ್ಳಿತು. ಅಲ್ಲಿಂದ ಮತ್ತೆ ಪಂಪ್. ರಾತ್ರಿಯಿಡೀ ಇದೇ ಸುತ್ತು. ಸೋಮವಾರ ಅವಳು ಹೋದ ಮೇಲೆ ನಾನು ಪಂಪಿನ ಸ್ವಿಚ್ ಆಫ್ ಮಾಡುತ್ತಿದ್ದೆ. ಮಂಗಳವಾರಕ್ಕೆ ಎಲ್ಲ ಸರಿ.

ಹಾಗಾಗಬಾರದು ಅಂತಲೇ ಸೋಲಾರಿನ ತಣ್ಣೀರಿನ ಪೈಪಿನಲ್ಲಿ ಒಂದು ಎನ್‌ಆರ್‌ವಿ ಇರುತ್ತದೆ, ನೀರನ್ನು ಒಂದೇ ಕಡೆ ಬಿಡುವ ವಾಲ್ವ್. ಪ್ಲಂಬರ್ ಅದನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಹಿತ್ತಾಳೆಯದು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಒಳಗಿನ ಮುಚ್ಚಳದ ಸುತ್ತ ಸುಣ್ಣ ಗಟ್ಟಿಯಾಗಿ ಕೂತಿತ್ತು. ಅದರ ಅಂಚಿಗೆ ಬಿಳಿ ಟೆಫ್ಲಾನ್ ಟೇಪಿನ ಒಂದು ಎಳೆ ಸಿಕ್ಕಿಕೊಂಡಿತ್ತು, ಅಕ್ಟೋಬರಿನ ಕೆಲಸದ್ದೇ ಇರಬೇಕು. ಬೆರಳಲ್ಲಿ ಒತ್ತಿದರೂ ಮುಚ್ಚಳ ಪೂರ್ತಿ ಕೂರುತ್ತಿರಲಿಲ್ಲ. ಎರಡನೆಯ ರಿಪೇರಿಯವರು ಸುಣ್ಣ ಅಂದದ್ದು ಪೂರ್ತಿ ಸುಳ್ಳಲ್ಲ. ಊರಿಗೆ ಯಗಚಿ ಹೊಳೆಯ ನೀರು ಬರುತ್ತದೆ, ಸಾಲದಿದ್ದಾಗ ಮನೆಯ ಬೋರ್ ನೀರು ಸೇರಿಸುತ್ತೇವೆ. ಬೋರ್ ನೀರು ಕಾದರೆ ಸುಣ್ಣ ಬಿಟ್ಟೇ ಬಿಡುತ್ತದೆ. ಅವರು ನೋಡಿದ ಜಾಗ ಮಾತ್ರ ತಪ್ಪು.

ಸೋಲಾರಿಗೆ ಒಂದು ಹೊಸ ಎನ್‌ಆರ್‌ವಿ, ಮಹಡಿಗೆ ಹೋಗುವ ಬಿಸಿನೀರಿನ ಪೈಪಿಗೆ ಇನ್ನೊಂದು. ಕೂಲಿ ಸೇರಿ 1,850 ರೂಪಾಯಿ. ಒಂದೂವರೆ ಗಂಟೆಯ ಕೆಲಸ.

ಮೊದಲು ಬಂದ ಇಬ್ಬರನ್ನೂ ಮೋಸಗಾರರು ಅಂತ ನಾನು ಹೇಳಲ್ಲ. ಟ್ಯಾಂಕ್ ಮಾರುವವರಿಗೆ ಟ್ಯಾಂಕ್ ಕಂಡಿತು, ಟ್ಯೂಬ್ ತೊಳೆಯುವವರಿಗೆ ಟ್ಯೂಬ್ ಕಂಡಿತು. ಇಬ್ಬರೂ ತಾರಸಿಯಿಂದ ಕೆಳಗಿಳಿದು ಬಾತ್‌ರೂಮಿಗೆ ಹೋಗಲಿಲ್ಲ. ಇತ್ತೀಚೆಗೆ ಮನೆಯಲ್ಲಿ ಏನಾದರೂ ಹೊಸದಾಗಿ ಹಾಕಿಸಿದಿರಾ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಬೇಜಾರಿರುವುದು ಅದಕ್ಕೆ. 32,000 ಕೊಟ್ಟು ಹೊಸ ಟ್ಯಾಂಕ್ ಹಾಕಿಸಿದ್ದರೆ ಅದರ ಜೊತೆ ಹೊಸ ಎನ್‌ಆರ್‌ವಿಯೂ ಬರುತ್ತಿತ್ತು. ನೀರು ವಾಪಸ್ ಹೋಗುವುದು ನಿಲ್ಲುತ್ತಿತ್ತು. ಟ್ಯಾಂಕೇ ಕೆಟ್ಟಿತ್ತು ಅಂತ ನಾವೂ ನಂಬಿಬಿಡುತ್ತಿದ್ದೆವು. ಹೀಗೆ ನಂಬಿದ ಮನೆಗಳು ನಮ್ಮ ಊರಿನಲ್ಲೇ ಎಷ್ಟಿರಬಹುದು ಅಂತ ಯೋಚನೆ ಬರುತ್ತದೆ. ಪಿಂಚಣಿಯಲ್ಲಿ ಬದುಕುವವರು, ತಾರಸಿ ಹತ್ತಲಾಗದವರು ಏನು ಮಾಡಬೇಕು?

ಈಗ ಯಾರಾದರೂ ದೊಡ್ಡ ಮೊತ್ತ ಹೇಳಿದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನೀವು ಹೇಳಿದ್ದು ನಿಜವಾದರೆ ಇನ್ನೆಲ್ಲಿ ಏನು ಕಾಣಬೇಕು, ತೋರಿಸಿ. ಟ್ಯಾಂಕ್ ತೂತಾದರೆ ನೀರು ಎಲ್ಲಿ ಜಿನುಗುತ್ತಿದೆ? ಟ್ಯೂಬ್ ಹೋದರೆ ಯಾವುದರ ತುದಿ ಬೆಳ್ಳಗಿದೆ? ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಸಿಟ್ಟಾಗಲ್ಲ, ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಮ್ಮ ಪ್ಲಂಬರ್ ನಾನು ಕೇಳುವ ಮೊದಲೇ ವಾಲ್ವ್ ಬಿಚ್ಚಿ ಕೈಗಿಟ್ಟರು.

ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಅಮ್ಮ ಮದುವೆಯಾಗಿ ಬಂದಾಗ ಬಚ್ಚಲಿನಲ್ಲಿ ತಾಮ್ರದ ಹಂಡೆ ಇತ್ತಂತೆ. ಒಲೆಗೆ ಕಾಫಿ ಗಿಡದ ಸೌದೆ. ನೀರು ಕಾಯದಿದ್ದರೆ ಬಗ್ಗಿ ನೋಡಿದರೆ ಸಾಕು, ಸೌದೆ ಹಸಿಯೋ, ಬೂದಿ ತುಂಬಿದೆಯೋ, ಹೊಗೆ ಹೋಗುವ ಕಿಂಡಿ ಕಟ್ಟಿದೆಯೋ, ಕಣ್ಣಿಗೇ ಕಾಣುತ್ತಿತ್ತು. ಈಗ ಎಲ್ಲವೂ ಗೋಡೆಯೊಳಗಿದೆ. ಪ್ಲಂಬರ್ ಹೋದ ಮೇಲೆ ಅಮ್ಮ ಕೇಳಿದ್ದು ಇಷ್ಟೇ. "ಗುಂಯ್ ಅಂತಿದ್ದದ್ದು ಅದೇ ತಾನೇ?" ಹೌದಮ್ಮ, ಅದೇ ಅಂದೆ.

ಕಳೆದ ಶನಿವಾರ ಮಗಳು ಪೇಂಟ್ ಡಬ್ಬಿ ಹಿಡಿದು ನನ್ನ ಜೊತೆ ತಾರಸಿಗೆ ಬಂದಳು. ಬಿಸಿನೀರಿನ ಪೈಪಿಗೆ ಕೆಂಪು, ತಣ್ಣೀರಿನದಕ್ಕೆ ನೀಲಿ, ನೀರು ಹೋಗುವ ಕಡೆಗೆ ಬಾಣ. ಪ್ರತಿ ವಾಲ್ವಿನ ಪಕ್ಕ ಅದು ಎಲ್ಲಿಯದು ಅಂತ ಕನ್ನಡದಲ್ಲಿ ಬರೆದಳು. ಏಳನೆಯ ಟ್ಯೂಬಿಗೆ ಒಂದು ಚುಕ್ಕೆ ಇಟ್ಟಿದ್ದೇವೆ, ಮಳೆಗಾಲಕ್ಕೆ ಮೊದಲು ಬದಲಿಸಬೇಕು. ಪಶ್ಚಿಮದ ಮೂಲೆಯಲ್ಲಿ ಒಂದು ಪೈಪ್ ಗೋಡೆಯೊಳಗೆ ಇಳಿಯುತ್ತದೆ, ಅದು ಎಲ್ಲಿ ಹೊರಗೆ ಬರುತ್ತದೆ ಅಂತ ಇಬ್ಬರಿಗೂ ತಿಳಿಯಲಿಲ್ಲ. ಅದಕ್ಕೆ ಇನ್ನೂ ಬಣ್ಣ ಹಚ್ಚಿಲ್ಲ.